ಪೆಟ್ಟಿಗೆಯ ಆಚೆ ಬದಿಯ ಮಂಜಣ್ಣ

ಮೊನ್ನೆ ಭಾನುವಾರ ಕೊಡಿಗೇಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅಡುಗೆಮನೆಯ ಡ್ರಾಯರುಗಳಿಗೆ ಹಿಡಿ ಆರಿಸುತ್ತಿದ್ದೆ. ಗೃಹಪ್ರವೇಶ ಮುಗಿದರೂ ಬಡಗಿಯ ಕೆಲಸ ಮುಗಿಯದಿರುವುದು ನಮ್ಮ ಕಡೆಯ ಪದ್ಧತಿ, ಮನೆ ಕಟ್ಟಿಸಿದ್ದರೆ ನಿಮಗೂ ಗೊತ್ತಿರುತ್ತದೆ. ಅಂಗಡಿಯವರು ಮುಂದಿಟ್ಟ ಡಬ್ಬದಲ್ಲಿ ಒಂದು ಕೆಂಪು ಗುಂಡು ಹಿಡಿ ಇತ್ತು, ದೊಡ್ಡ ನೆಲ್ಲಿಕಾಯಿಯಷ್ಟು. ಎತ್ತಿಕೊಂಡದ್ದೇ ತಡ, ಬೆರಳುಗಳು ತಾವಾಗಿಯೇ ಅದನ್ನು ಸುತ್ತಿಕೊಂಡವು, ಮಣಿಕಟ್ಟು ಎಡಕ್ಕೆ, ಕೆಳಕ್ಕೆ, ಬಲಕ್ಕೆ ಹೊರಳಿತು. ಹೊಟ್ಟೆ ಬಂದ ಗಂಡಸೊಬ್ಬ ಗಾಳಿಯಲ್ಲಿ ಹೀಗೆ ಕೈ ತಿರುಗಿಸುವುದನ್ನು ನೋಡಿ ಅಂಗಡಿಯವರು, ‘ಅದು ಎಳೆಯೋದು ಸಾರ್, ತಿರುಗಿಸೋದಲ್ಲ’ ಅಂದರು.

ನನ್ನ ಕೈಗೆ ಅದನ್ನು ಕಲಿಸಿದ್ದು ಆರ್.ಟಿ. ನಗರ. ಅಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಸಲೀಂ ಭಾಯಿ ಎಂಬವರು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಹೊಡೆದಾಟದ ಆಟಗಳಿಗೆಂದೇ ಜಪಾನಿನಿಂದ ಹಡಗಿನಲ್ಲಿ ತರಿಸಿದ ಎರಡು ಹಳೆಯ ಯಂತ್ರಗಳು ಅಲ್ಲಿದ್ದವು. ಬೇರೆ ಯಂತ್ರಗಳಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಆಡಬೇಕು. ಇವು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದ ಬಿಳಿಯ ಪೆಟ್ಟಿಗೆಗಳು. ಎರಡಕ್ಕೂ ಒಂದೊಂದು ಪರದೆ, ಕೆಂಪು ಗುಂಡು ಹಿಡಿಯ ಸ್ಟಿಕ್ಕು, ಸಾಲು ಬಟನ್ನುಗಳು, ಕೂರಲು ಗಿಡ್ಡ ಸ್ಟೂಲು. ಆಟ ಒಂದೇ, ಆದರೆ ಒಬ್ಬ ಈಚೆ ಕೂತಿರುತ್ತಾನೆ, ಇನ್ನೊಬ್ಬ ಆಚೆ. ನಿಮ್ಮನ್ನು ಒದೆಯುತ್ತಿರುವವನ ಮುಖ ನಿಮಗೆ ಕಾಣುವುದಿಲ್ಲ, ಎದ್ದು ಹೋಗಿ ಇಣುಕುವುದು ಅಲ್ಲಿ ಮರ್ಯಾದೆಯೂ ಅಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಯಾಕೆಂದು ಹೇಳುತ್ತೇನೆ. ನಮ್ಮದು ಯಲಹಂಕದ ಪಕ್ಕದ ಊರು, ಕೋಗಿಲು. ಏರ್‌ಪೋರ್ಟ್ ರಸ್ತೆ ಬಂದದ್ದೇ ನಮ್ಮ ರಾಗಿ ಹೊಲಕ್ಕೆ ಬೆಲೆ ಬಂತು, ಅದರ ಹಿಂದೆಯೇ ಅಪ್ಪನಿಗೂ ದೊಡ್ಡಪ್ಪನಿಗೂ ಕೋರ್ಟು ಬಂತು. ಒಂದೇ ಅಂಗಳದ ಮಧ್ಯೆ ಗೋಡೆ ಎದ್ದಿತು. ಅವತ್ತು ಸಂಜೆ ಅಪ್ಪ ನನ್ನನ್ನು ದೇವರ ಮನೆಗೆ ಕರೆದು, ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ‘ಇನ್ಮೇಲೆ ಆ ಮನೆಯೋರ ಮಕ ನೋಡಂಗಿಲ್ಲ, ಮಾತಾಡಂಗಿಲ್ಲ. ನನ್ನಾಣೆ’ ಅಂದರು. ಅಪ್ಪನಿಗೆ ಮೊದಲೇ ಬಿ.ಪಿ. ಆಣೆ ಮುರಿದು ಅವರಿಗೇನಾದರೂ ಆಗಿಬಿಟ್ಟರೆ ಎಂದು ನಾನು, ಕಾಲೇಜು ಓದುತ್ತಿದ್ದವನು, ನಿಜಕ್ಕೂ ಹೆದರಿದೆ. ಆ ಮನೆಯಲ್ಲಿ ನಾನು ಬಿಟ್ಟಿರಲಾರದವನು ಒಬ್ಬನೇ, ದೊಡ್ಡಪ್ಪನ ಮಗ ಮಂಜಣ್ಣ. ನನಗಿಂತ ಎರಡು ವರ್ಷ ದೊಡ್ಡವನು, ಬಾವಿಯಲ್ಲಿ ಈಜು ಕಲಿಸಿದವನು. ಈಜಲು ಹೋಗುವಾಗ ನಮ್ಮ ಕಿಟಕಿಗೆ ಎರಡು ಸಲ ತಟ್ಟಿ ನನ್ನನ್ನು ಎಬ್ಬಿಸುತ್ತಿದ್ದ.

ಗೋಡೆ ಎದ್ದ ಕೆಲವು ತಿಂಗಳಿಗೆ, ಆ ಬೇಕರಿಯ ಮುಂದೆ ಅವನ ಬೈಕು ಕಂಡಿತು. ಟ್ಯಾಂಕಿನ ಮೇಲೆ ನಮ್ಮ ಅಜ್ಜಿಯ ಹೆಸರು, ಮುನಿಯಮ್ಮ, ಅಂತ ಬರೆಸಿದ್ದ ಬೈಕು ಊರಲ್ಲಿ ಇನ್ನೊಂದಿರಲಿಲ್ಲ. ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದೆ. ಆಣೆಯಲ್ಲಿ ಇದ್ದದ್ದು ಮುಖ ಮತ್ತು ಮಾತು, ಒದೆಯಬಾರದು ಅಂತ ಅಪ್ಪ ಹೇಳಿರಲಿಲ್ಲ. ಸಲೀಂ ಭಾಯಿ ನನ್ನ ಹೆಸರು ಕೇಳಿ ಬರೆದುಕೊಂಡು, ಸರದಿ ಬಂದಾಗ ಎಲ್ಲರಿಗೂ ಕೇಳುವಂತೆ ಕೂಗಿದರು, ಈಚೆ ಕಡೆ ಕೂತೆ. ಒಂದೇ ನಿಮಿಷದಲ್ಲಿ ಪರದೆಯ ಮೇಲಿನ ನನ್ನ ಆಳು ನೆಲ ಕಚ್ಚಿದ. ಆಮೇಲೆ ಪೆಟ್ಟಿಗೆಯ ತಗಡಿನ ಮೇಲೆ, ಆಚೆಯಿಂದ, ಎರಡು ಸಲ ತಟ್ಟಿದ ಸದ್ದು ಬಂತು. ಬಾ, ಇನ್ನೊಂದು ಆಡು ಅಂತ. ನಾನೂ ತಿರುಗಿ ತಟ್ಟಿದೆ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಹೀಗೇ. ಮಂಜಣ್ಣ ಎಗರಾಡುವವನಲ್ಲ, ಕಾಯುವವನು. ನಾನು ಬಿದ್ದರೆ, ಏಳುವಾಗ ಸರಿಯಾಗಿ ಕಾಲಿಗೆ ಒದೆಯುತ್ತಿದ್ದ, ಒಂದು ಸಲವೂ ತಪ್ಪದೆ. ಯಲಹಂಕ, ಯಶವಂತಪುರದ ಹುಡುಗರೆಲ್ಲ ಬರುತ್ತಿದ್ದ ತಿಂಗಳ ಪಂದ್ಯದಲ್ಲೂ ತಮ್ಮ ಅಂತ ನನಗೆ ರಿಯಾಯಿತಿ ಇರಲಿಲ್ಲ. ನಾನು ಅಪರೂಪಕ್ಕೆ ಗೆದ್ದರೆ ಅದು ನಿಜವಾದ ಗೆಲುವು, ವಾರವಿಡೀ ಅದನ್ನೇ ನೆನೆಸಿಕೊಂಡು ಬಸ್ಸಿನಲ್ಲಿ ನಗುತ್ತಿದ್ದೆ.

ಅಜ್ಜಿ ಸತ್ತಾಗ ತಿಥಿಯನ್ನೂ ಹಂಚಿಕೊಂಡೆವು. ಗೋಡೆಯ ಈಚೆ ಒಂದು, ಆಚೆ ಒಂದು. ಒಂದೇ ಮುದುಕಿಗೆ ಎರಡು ಎಡೆ. ಅವತ್ತು ಸಂಜೆ ನಾನು ಆರ್.ಟಿ. ನಗರಕ್ಕೆ ಹೋದೆ, ಬೈಕು ಮೊದಲೇ ನಿಂತಿತ್ತು. ಆಟ ಶುರುವಾಯಿತು. ಎಂದೂ ತಪ್ಪದ ಮಂಜಣ್ಣ ತಪ್ಪತೊಡಗಿದ. ಒದೆ ತಡವಾಗಿ ಬಂತು, ಆಮೇಲೆ ಬರಲೇ ಇಲ್ಲ. ಅವನು ಅಳುತ್ತಿದ್ದಾನೆ ಅಂತ ನನಗೆ ಅವನ ಆಟದಿಂದ ಗೊತ್ತಾಯಿತು. ನನಗೂ ಪರದೆ ಮಂಜಾಗಿತ್ತು. ಆದರೂ ನಾನು ಕೈ ತಡೆಯಲಿಲ್ಲ, ಅವನ ಒಂದೊಂದು ತಪ್ಪಿಗೂ ಹೊಡೆದೆ. ಬಿಟ್ಟುಕೊಟ್ಟಿದ್ದರೆ ಅವನಿಗೆ ನಾನು ಯಾರೋ ಆಗಿಬಿಡುತ್ತಿದ್ದೆ. ಕೊನೆಗೆ ತಗಡಿನ ಮೇಲೆ ಎರಡು ಸಲ ತಟ್ಟಿದ ಸದ್ದು ಬಂತು. ಸಲೀಂ ಭಾಯಿ ದೀಪ ಆರಿಸುವವರೆಗೂ ಆಡಿದೆವು.

ಕೆಲವು ವರ್ಷಗಳಲ್ಲಿ ಆ ಕಟ್ಟಡ ಒಡೆದರು, ಪೆಟ್ಟಿಗೆಗಳು ಯಾರ ಪಾಲಾದವೋ ಗೊತ್ತಿಲ್ಲ. ಕೇಸು ಮಾತ್ರ ನಡೆದೇ ಇತ್ತು. ಕೊನೆಗೆ ಎರಡು ಮನೆಯವರನ್ನೂ ಒಂದು ಮಾಡಿದ್ದು ದೇವರಲ್ಲ, ಒಬ್ಬ ಬಿಲ್ಡರ್. ಎಲ್ಲರ ಸಹಿ ಇಲ್ಲದೆ ಜಾಗ ಮುಟ್ಟುವುದಿಲ್ಲ ಅಂದ, ಅಣ್ಣತಮ್ಮಂದಿರು ರಾಜಿಯಾದರು. ‘ಓಗ್ಲಿ ಬಿಡು, ಈಗ ಮಾತಾಡ್ಬೋದು’ ಅಂತ ಅಪ್ಪ ನನ್ನ ಆಣೆ ಇಳಿಸಿದರು.

ನನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಮಂಜಣ್ಣ ಹೆಂಡತಿ ಮಕ್ಕಳೊಂದಿಗೆ, ಬೆಳ್ಳಿ ತಟ್ಟೆ ಹಿಡಿದು ಬಂದ. ಕೂದಲು ನರೆತಿತ್ತು. ಸೈಟಿನ ಅಳತೆ, ಕಾವೇರಿ ನೀರಿನ ಕನೆಕ್ಷನ್, ಹೆಬ್ಬಾಳದ ಟ್ರಾಫಿಕ್ ಮಾತಾಡಿದೆವು, ಆಮೇಲೆ ಮಾತು ಮುಗಿಯಿತು. ಹಾಲ್‌ನಲ್ಲಿ ನನ್ನ ಹಳೆಯ ಹುಚ್ಚಿಗೆ ಕೊಂಡಿದ್ದ ಗೇಮಿನ ಪೆಟ್ಟಿಗೆಯೂ ಎರಡು ಸ್ಟಿಕ್ಕುಗಳೂ ಇದ್ದವು. ‘ಒಂದು ಆಡೋಣ್ವಾ ಅಣ್ಣ?’ ಅಂದೆ. ಮೊದಲ ಸಲ ಅಕ್ಕಪಕ್ಕ, ಒಂದೇ ಸೋಫಾದ ಮೇಲೆ ಕೂತೆವು.

ನನ್ನ ಆಳು ಬಿದ್ದ. ಏಳುವಾಗ ಕಾಲಿಗೆ ಬರಬೇಕಾದ ಒದೆಗೆ ನಾನು ಸಿದ್ಧನಾಗಿದ್ದೆ. ಅದು ಬರಲಿಲ್ಲ. ಮರೆತಿರಬಹುದೆಂದು ಬೇಕೆಂದೇ ಇನ್ನೊಂದು ಸಲ ಬಿದ್ದೆ. ಅವನ ಹೆಬ್ಬೆರಳು ಬಟನ್ನಿನ ಹತ್ತಿರ ಹೋಗಿ, ಒತ್ತದೆ ನಿಂತದ್ದನ್ನು ಕಣ್ಣಾರೆ ಕಂಡೆ. ನಾನು ಗೆದ್ದೆ. ಟೀಪಾಯಿಯ ಮೇಲೆ ಎರಡು ಸಲ ತಟ್ಟಿದೆ. ಮಂಜಣ್ಣ ಸ್ಟಿಕ್ಕನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ನನ್ನ ಬೆನ್ನು ಸವರಿ, ‘ಸಾಕು ಬಿಡಪ್ಪ. ಇವತ್ತು ಮನೆ ಯಜಮಾನ ನೀನು, ಸೋಲ್ಬಾರ್ದು’ ಅಂದ. ಊಟಕ್ಕೆ ಎದ್ದು ಹೋದ.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಜಗಳವಿದ್ದಷ್ಟು ದಿನ ನನಗೊಬ್ಬ ಅಣ್ಣನಿದ್ದ, ರಾಜಿಯಾದ ಮೇಲೆ ಒಬ್ಬ ನೆಂಟ ಸಿಕ್ಕಿದ.

ಅಂಗಡಿಯವರು ಎಷ್ಟು ಕೊಡಲಿ ಅಂತ ಕೇಳುತ್ತಿದ್ದರು. ಕೆಂಪು ಹಿಡಿಯನ್ನು ಡಬ್ಬಕ್ಕೆ ವಾಪಸು ಹಾಕಿದೆ. ಗುಂಡನೆಯದು ಬೇಡ, ಚಪ್ಪಟೆಯದು ಕೊಡಿ ಅಂದೆ.