ಓ ಎಂದವರ ಪಾಲಿನ ಎಲೆಕಡುಬು

ಮೊನ್ನೆ ತೊಗರ್ಸಿಯಲ್ಲಿ ತಮ್ಮನ ಮನೆಗೆ ಹೋಗಿದ್ದೆ. ಹೊರಡುವಾಗ ಬುತ್ತಿ ಕಟ್ಟಿಕೊಡಲೆಂದು ತಮ್ಮನ ಹೆಂಡತಿ ಬಾಳೆ ಎಲೆಯನ್ನು ಗ್ಯಾಸ್ ಉರಿಯ ಮೇಲೆ ಆಡಿಸುತ್ತಿದ್ದಳು. ಎಲೆ ಬಾಡಿ, ಬಣ್ಣ ತಿರುಗಿ, ಒಂದು ತರಹದ ಸಿಹಿ ಕಮರು ವಾಸನೆ ಅಡುಗೆಮನೆ ತುಂಬಿತು. ಬೇರೆಯವರಿಗಾದರೆ ಆ ವಾಸನೆಗೆ ಹಸಿವಾಗುತ್ತದೆ. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷವಾದ ಮೇಲೂ ಆರಿಲ್ಲವಲ್ಲ ಇದು ಎಂದು ನನಗೇ ಆಶ್ಚರ್ಯ. "ಯಾಕಕ್ಕಾ, ಮುಖ ಹಂಗ್ ಮಾಡಿದ್ರಿ?" ಎಂದಳು. ಏನಂತ ಹೇಳಲಿ... ಪಕ್ಕದ ಮನೆಯವಳು ನೆನಪಾದಳು ಎಂದರೆ ಅವಳಿಗೆ ಅರ್ಥವಾಗುವುದಿಲ್ಲ.

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆ ಕ್ರಿಶ್ಚಿಯನ್ನರದು. ಆ ಮನೆಯ ಮಗ ದುಬೈಯಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿದ್ದವನು, ಅಪ್ಪ ಅಮ್ಮ ತೀರಿಕೊಂಡ ಮೇಲೆ ಊರಿಗೆ ಬಂದು ಫ್ರಿಜ್ ರಿಪೇರಿ ಅಂಗಡಿ ಹಾಕಿದ. ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬಂದ. ಫಿಲಿಪೈನ್ಸ್ ದೇಶದವಳಂತೆ, ದುಬೈಯ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದವಳಂತೆ. ಕುಳ್ಳಗೆ, ದುಂಡಗೆ, ಯಾರನ್ನು ಕಂಡರೂ ನಗುವವಳು. ಸಂತೆಯಲ್ಲಿ ಕಲಿತ "ಎಷ್ಟು", "ಸಾಕು", "ಬ್ಯಾಡ" ಬಿಟ್ಟರೆ ಬೇರೆ ಕನ್ನಡ ಬಾರದು. ಬಂದ ವರ್ಷ ಗಣಪತಿ ಹಬ್ಬದ ಹೊತ್ತಿಗೇ ಬಾಗಿಲಿಗೆ ಬಣ್ಣದ ಕಾಗದದ ದೊಡ್ಡ ನಕ್ಷತ್ರ ಕಟ್ಟಿದಳು. ಅವರ ದೇಶದಲ್ಲಿ ಸೆಪ್ಟೆಂಬರ್ ಬಂದರೆ ಕ್ರಿಸ್‌ಮಸ್ ಶುರುವಂತೆ. ನಮ್ಮ ಬೀದಿಯವರು ಅದು ಗಣಪತಿಗೇ ಕಟ್ಟಿದ್ದು ಅಂದುಕೊಂಡು, ಮೆಚ್ಚಿ, ಪ್ರಸಾದ ಕೊಟ್ಟು ಬಂದರು. ಅವಳೂ ನಗುನಗುತ್ತಾ ತಿಂದಳು.

ನನಗೂ ಅವಳಿಗೂ ಮೊದಲ ದಿನವೇ ಕೆಟ್ಟಿತು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಗೋಡೆಯಾಚೆ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ತಲೆ ಮಾತ್ರ ಕಾಣಿಸುತ್ತಾ, "ಆತೇ!" ಎಂದು ಕೂಗಿದಳು. ನನ್ನ ಕಿವಿಗೆ ಬಿದ್ದದ್ದು "ಅತ್ತೇ". ಮೈಯೆಲ್ಲ ಉರಿದುಹೋಯಿತು. ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟಕ್ಕೇ ನಾನು ಅತ್ತೆಯೇ? ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ನಮ್ಮ ಅತ್ತೆಗೆ, "ನಿಮ್ಮನ್ನ ಯಾರೋ ಕರೀತಾರೆ ನೋಡ್ರಿ" ಎಂದೆ. ಅತ್ತೆ ಸೆರಗು ಹೊದ್ದುಕೊಂಡು ಹೋದರು. ಬರುವಾಗ ಕೈಯಲ್ಲಿ ಬಾಳೆನಾರಿನಿಂದ ಕಟ್ಟಿದ ಎಲೆಯ ಗಂಟುಗಳಿದ್ದವು, ಬಿಸಿಬಿಸಿ.

ಅಂಟುವ ಅಕ್ಕಿಯನ್ನು ತೆಂಗಿನಹಾಲಿನಲ್ಲಿ ಅರೆ ಬೇಯಿಸಿ, ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಮತ್ತೆ ಹಬೆಯಲ್ಲಿ ಬೇಯಿಸುವ ತಿಂಡಿ ಅದು. ಅವರ ಕಡೆ ಅದಕ್ಕೆ ಸುಮಾನ್ ಅನ್ನುತ್ತಾರೆ. ನಮ್ಮ ಅತ್ತೆ ಎಲೆಕಡುಬು ಎಂದು ಹೆಸರಿಟ್ಟರು. ಬೆಲ್ಲದ ಪಾಕ ಹಾಕಿಕೊಂಡು ಒಂದು ತಿಂದರು, ಇನ್ನೊಂದು ತಿಂದರು. ಆಮೇಲೆ ಅಂದರು: "ಚಲೋ ಮಾಡ್ಯಾಳೆ."

ಚಲೋ ಮಾಡ್ಯಾಳೆ! ಆ ಮಾತಿಗಾಗಿ ನಾನು ಮದುವೆಯಾದಾಗಿನಿಂದ ಕಾದಿದ್ದೆ. ನನ್ನ ಹೋಳಿಗೆಗೆ ಬೀದಿಯಲ್ಲೇ ಹೆಸರಿತ್ತು. ಆನವಟ್ಟಿಯಿಂದ ಬೀಗರು ಬಂದರೆ ಕೇಳಿ ಮಾಡಿಸಿಕೊಂಡು ತಿನ್ನುತ್ತಿದ್ದರು. ಅತ್ತೆ ಮಾತ್ರ ಎರಡು ಬೆರಳಲ್ಲಿ ಮುರಿದು ಬಾಯಿಗಿಟ್ಟು "ಪರವಾಗಿಲ್ಲ" ಎನ್ನುತ್ತಿದ್ದರು. ಹುಗ್ಗಿ ಪರವಾಗಿಲ್ಲ, ಕರ್ಚಿಕಾಯಿ ಪರವಾಗಿಲ್ಲ, ಅವರ ಮಗನ ಸಂಸಾರವೂ ಒಟ್ಟಿನಲ್ಲಿ ಪರವಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ? ಗೋಡೆ ಆಚೆಯ ಗಿಡವಾದರೆ ಮದ್ದು.

"ಮೊಟ್ಟೆ ಹಾಕಿರ್ತಾಳೆ, ನೋಡ್ಕೊಂಡು ತಿನ್ರಿ" ಎಂದು ಹೆದರಿಸಿ ನೋಡಿದೆ. ನಮ್ಮದು ಲಿಂಗ ಕಟ್ಟಿದ ಮನೆ, ಅತ್ತೆ ಬಲು ಕಟ್ಟುನಿಟ್ಟು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವರು ಮಾರನೆಯ ದಿನ ಒಂದು ಮಣೆ ಹಿಡಿದುಕೊಂಡು ನೆಟ್ಟಗೆ ಅವಳ ಅಡುಗೆಮನೆಗೆ ಹೋಗಿ, ಕೂತು, ಮೊದಲಿನಿಂದ ಕೊನೆಯವರೆಗೆ ಮಾಡಿಸಿ ನೋಡಿ ಬಂದರು. "ಅಕ್ಕಿ, ಕಾಯಿಹಾಲು, ಉಪ್ಪು. ಅಷ್ಟೇಯ" ಎಂದು ನನ್ನ ಮುಖಕ್ಕೇ ಹೇಳಿದರು. ಆಮೇಲೆ ಆ ಮಣೆ ಅಲ್ಲೇ ಉಳಿಯಿತು. ನಮ್ಮ ಮನೆಯ ಮಣೆ!

ದುಬೈಯಿಂದ ತಂದಿದ್ದ ಅಂಟಕ್ಕಿ ಮುಗಿದಾಗ ನಾನು ಒಳಗೊಳಗೇ ಖುಷಿಪಟ್ಟೆ. ಅದಕ್ಕೂ ಅತ್ತೆಯೇ ದಾರಿ ಹುಡುಕಿದರು. ಅವರ ತವರು ಸೊರಬದ ಕಡೆ ಉಳವಿ. ಪ್ರತಿ ಸುಗ್ಗಿಗೆ ಅಲ್ಲಿಂದ ಒಂದು ಚೀಲ ಅಕ್ಕಿ ಬರುತ್ತಿತ್ತು. ಹೊಸ ಅಕ್ಕಿ ಅನ್ನಕ್ಕೆ ಬರುವುದಿಲ್ಲ, ಮುದ್ದೆಯಾಗಿ ಕೈಗೆ ಮೆತ್ತುತ್ತದೆ. ಅದಕ್ಕೇ ಹಳತಾಗಲಿ ಎಂದು ನಾನು ವರ್ಷವಿಡೀ ಕಾಯುತ್ತಿದ್ದೆ, ಹುಳ ಬೀಳದ ಹಾಗೆ ಬೇವಿನಸೊಪ್ಪು ಹಾಕಿ ಇಡುತ್ತಿದ್ದೆ. ಅತ್ತೆ ಆ ಸಲ ಚೀಲ ಬಿಚ್ಚಿಸಿ, "ಅವಳಿಗೆ ಬೇಕಾಗಿರೋದು ಮೆತ್ತೋ ಅಕ್ಕಿನೇ ಅಲ್ಲೇನು?" ಎಂದು ಸೇರಿನಲ್ಲಿ ಅಳೆದು ಗೋಡೆ ದಾಟಿಸಿದರು. ಪೂರ್ತಿ ಅವಳ ದೇಶದ ಹಾಗೆ ಬರಲಿಲ್ಲವಂತೆ, ಆದರೂ ಗಟ್ಟಿಯಾಗಿ ಕೂತಿತು. ತವರಿನ ಅಕ್ಕಿ, ನನಗೆ ಒಂದು ಹಿಡಿ ಬೇಯಿಸಲೂ ಬಿಡದ ಹೊಸ ಅಕ್ಕಿ... ಅವತ್ತು ನಾನು ರಾತ್ರಿ ಊಟ ಮಾಡಲಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ.

ಡಿಸೆಂಬರ್ ನಡುವಿನಲ್ಲಂತೂ ಕೇಳಲೇಬೇಡಿ. ಕ್ರಿಸ್‌ಮಸ್‌ಗೆ ಮುಂಚೆ ಅವರಲ್ಲಿ ಬೆಳಗಿನ ಜಾವದ ಪೂಜೆಯಂತೆ. ಅದು ಸರಿಯಾಗಿ ನಮ್ಮ ಧನುರ್ಮಾಸಕ್ಕೆ ಬಂದು ಕೂಡುತ್ತಿತ್ತು. ಅತ್ತೆ ನಸುಕಿನಲ್ಲೇ ಎದ್ದು ಸ್ನಾನ ಮಾಡಿ ದೀಪ ಹಚ್ಚುವ ಹೊತ್ತಿಗೆ ಅವಳ ಮನೆಯಲ್ಲೂ ದೀಪ. ಅವಳು ಮಣ್ಣಿನ ಬಟ್ಟಲಿಗೆ ಬಾಳೆ ಎಲೆ ಹಾಸಿ, ಅಕ್ಕಿಹಿಟ್ಟು ತೆಂಗಿನಹಾಲು ಕಲಸಿ ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದಳು. ಬಿಬಿಂಕಾ ಅಂತೇನೋ ಹೆಸರು. ತನ್ನ ಮನೆಗೆ ಮೊಟ್ಟೆ ಹಾಕಿದ್ದು, ನಮಗೆ ಹಾಕದ್ದು ಬೇರೆ. "ಅವಳಿಗೂ ಧನುರ್ಮಾಸ ಐತೆ. ನಮ್ಮನೇಲಿ ಮಾತ್ರ ಸೂರ್ಯ ನೆತ್ತಿಗೆ ಬರಬೇಕು" ಎಂದು ಅತ್ತೆ ನನ್ನ ಕೋಣೆಯ ಬಾಗಿಲಿಗೆ ಕೇಳಿಸುವಂತೆ ಹೇಳುವರು. ನಾನು ರಗ್ಗು ಎಳೆದುಕೊಂಡು ಮಲಗಿಯೇ ಇರುತ್ತಿದ್ದೆ. ಗೋಡೆಯಾಚೆಯಿಂದ "ಆತೇ!" ಎಂದು ಕೂಗು. ಈಚೆಯಿಂದ "ಓ, ಬಂದೆ ತಡಿಯವ್ವಾ!" ಎಂದು ಉತ್ತರ. ಆ 'ಓ' ಇತ್ತಲ್ಲ, ಅದರಲ್ಲಿದ್ದ ಸಂಭ್ರಮ ನನ್ನ ಮಗ ಹುಟ್ಟಿದಾಗಲೂ ಅವರ ದನಿಯಲ್ಲಿ ಇರಲಿಲ್ಲ.

ಅವಳು ನಮ್ಮ ಬೀದಿಯಲ್ಲಿ ಇದ್ದದ್ದು ಕೆಲವೇ ವರ್ಷ. ಅವಳ ತಾಯಿಗೆ ಹುಷಾರಿಲ್ಲವೆಂದು ಇಬ್ಬರೂ ಅಲ್ಲಿಗೇ ಹೊರಟರು. ಹೊರಡುವ ದಿನ ಅತ್ತೆ ಅವಳ ಕೈ ಹಿಡಿದುಕೊಂಡು ಒಳಗೆ ಅಳುತ್ತಾ ಕೂತಿದ್ದರು. ನಾನು ಜಗುಲಿಯಲ್ಲಿ ನಿಂತಿದ್ದೆ. ಅವಳ ಗಂಡ ಸಾಮಾನು ಎತ್ತುತ್ತಾ, "ಇನ್ಮೇಲೆ ನಿಮ್ಮನ್ನ ಆತೆ ಅನ್ನೋರು ಯಾರೂ ಇಲ್ಲ ನೋಡ್ರಿ ಅಕ್ಕಾ" ಎಂದ.

"ನನ್ನನ್ನಾ?"

"ಮತ್ತಿನ್ನಾರನ್ನ? ಅವರ ಭಾಷೆಯಾಗೆ ಆತೆ ಅಂದ್ರೆ ಅಕ್ಕ. ನಿಮ್ಮತ್ತೇರಿಗೆ ಲೋಲ ಅಂತಾಳಲ್ಲ, ಅಜ್ಜಿ ಅಂತ."

ಅಷ್ಟು ವರ್ಷ ಕಲ್ಲು ಹತ್ತಿ ನಿಂತು ಅವಳು ಕರೆದದ್ದು ನನ್ನನ್ನು. ಆ ಎಲೆಕಡುಬು, ಆ ಕೆಂಡದ ರೊಟ್ಟಿ, ಕ್ರಿಸ್‌ಮಸ್ ದಿನ ನಮ್ಮ ಶಾವಿಗೆಗೇ ತರಕಾರಿ ಹುರಿದು ಹಾಕಿ ಕಳಿಸುತ್ತಿದ್ದ ತಟ್ಟೆ, ಎಲ್ಲ ನನ್ನ ಪಾಲಿನದು. ನನ್ನ ಪಾಲನ್ನು ಅತ್ತೆ ಉಂಡು ಕೂತಿದ್ದರು! ಅಲ್ಲಿಯತನಕ ಅವಳ ಮೇಲಿದ್ದ ಹೊಟ್ಟೆಕಿಚ್ಚು ಒಂದೇ ಕ್ಷಣದಲ್ಲಿ ತಿರುಗಿ ಅತ್ತೆಯ ಮೇಲೆ ಬಂತು. ಬೀಳ್ಕೊಡುವಾಗ ಅವಳು ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, ನೆಟ್ಟಗೆ ನನ್ನ ಮುಖ ನೋಡಿ "ಆತೆ" ಎಂದಳು. ಆಗ ಓ ಎನ್ನಬೇಕೆಂದು ಬಾಯಿ ತೆರೆದೆ. ಅಳು ಬಂತು.

ಹೇಳಿಬಿಡಬೇಕು, ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅತ್ತೆ ಕಂಡಕಂಡವರ ಮುಂದೆ "ಬಾಯಿ ತುಂಬ ಅತ್ತೆ ಅಂತಿದ್ಲು" ಎಂದು ಹೊಗಳಿಕೊಳ್ಳುವಾಗ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಕೊನೆಗೆ ಅದು ಹೊರಬಿದ್ದದ್ದು ಅವರು ಹಾಸಿಗೆ ಹಿಡಿದ ವರ್ಷ. ಅದೂ ಡಿಸೆಂಬರೇ. ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. "ಆ ಹುಡುಗಿ ಇದ್ದಿದ್ರೆ ಒಂದು ಎಲೆಕಡುಬು ಕೊಡ್ತಿದ್ಲು" ಎಂದು ಮುಖ ತಿರುಗಿಸಿದರು. ನನಗೆ ತಡೆಯಲಾಗಲಿಲ್ಲ. "ಅವಳು ಕರೀತಿದ್ದಿದ್ದು ನಿಮ್ಮನ್ನಲ್ಲ, ನನ್ನ! ಆತೆ ಅಂದ್ರೆ ಅಕ್ಕ ಅಂತೆ!" ಎಂದುಬಿಟ್ಟೆ.

ಅತ್ತೆ ನಿಧಾನಕ್ಕೆ ಈಚೆ ತಿರುಗಿದರು. "ಗೊತ್ತೈತೆ ಬಿಡು. ಮೊದಲನೇ ವರ್ಷನೇ ಅವಳ ಗಂಡ ಹೇಳಿದ್ದ."

"ಮತ್ತೆ? ಗೊತ್ತಿದ್ದೂ ಓ ಅಂತಿದ್ರಾ?"

"ಹೊಟ್ಟೆ ಉರೀತಿತ್ತು ಕಣೇ ನಂಗೆ" ಎಂದರು. "ಈ ಮನೆಗೆ ಬಂದಾಗಿಂದ ನೀನು ಬರ್ರಿ, ಉಣ್ರಿ, ಮಲಗ್ರಿ ಅಂದಿದ್ದೇ ಹೊರತು ಒಂದಿನ ಅತ್ತೆ ಅನ್ನಲಿಲ್ಲ. ಅವಳು ನಿನ್ನೇ ಕರೀಲಿ... ಕೇಳಾಕೆ ಹಂಗೇ ಕೇಳ್ತಿತ್ತಲ್ಲ."

ನಾನು ಬಟ್ಟಲು ಎತ್ತಿಕೊಂಡೆ. ಚಮಚ ಕೈಯಲ್ಲೇ ಇತ್ತು. "ಗಂಜಿ ಆರ್ತೈತೆ, ಉಣ್ರಿ" ಎಂದೆ. ಅತ್ತೆ ನಕ್ಕರು. ನನಗೂ ನಗು ಬಂತು.

ಆ ಸಂಕ್ರಾಂತಿಗೆ ಅವರು ಇರಲಿಲ್ಲ. ಪಕ್ಕದ ಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯವರೇ. ಅವಳ ಗಂಡ ಕೊಟ್ಟುಹೋದ ಫಿಲಿಪೈನ್ಸಿನ ನಂಬರಿಗೆ ಫೋನ್ ಮಾಡಿದರೆ ಕರೆ ಹೋಗುವುದಿಲ್ಲ. ನನ್ನ ಸೊಸೆ ನನ್ನನ್ನು 'ಆಂಟಿ' ಎನ್ನುತ್ತಾಳೆ, ನಾನೂ ಹೂಂ ಎನ್ನುತ್ತೇನೆ. ವಯಸ್ಸಿನ ಗುಣವೋ ಏನೋ, ಈಗ ಧನುರ್ಮಾಸದಲ್ಲಿ ನಸುಕಿಗೇ ಎಚ್ಚರವಾಗುತ್ತದೆ. ಎದ್ದು ಹಿತ್ತಲ ಬಾಗಿಲು ತೆಗೆದು ನಿಲ್ಲುತ್ತೇನೆ. ಆಚೆಯಿಂದ ಯಾರಾದರೂ ಕೂಗಿದರೆ ಈ ಸಲ ನಾನೇ ಮೊದಲು ಓ ಎನ್ನುತ್ತೇನೆ, ಬೇರೆ ಯಾರಿಗೂ ಬಿಡುವುದಿಲ್ಲ ಎಂದು ಹಟ ಹಿಡಿಯುತ್ತೇನೆ. ಆಮೇಲೆ ನೆನಪಾಗುತ್ತದೆ, ನನ್ನನ್ನು ಹಿಂದೆ ಹಾಕಿ ಓ ಎನ್ನಲು ಒಳಗೆ ಯಾರೂ ಇಲ್ಲ. ಹೊಟ್ಟೆ ಉರಿದುಕೊಳ್ಳಬೇಕೆಂದರೂ ಮನೆಯಲ್ಲಿ ಒಬ್ಬರು ಬೇಕಲ್ಲ...