ನಾಯಿಮರಿ ಕಡೆಯವರು

ಕೇಳ್ರಿ ಇಲ್ಲೆ. ನಾಯಿಮರಿ ಕಡೆಯವರು ಇವತ್ತ ನಮ್ಮನಿ ನೋಡಾಕ ಬಂದಿದ್ರು.

ಬೆಳಗಾವಿ ಅಂಗಡ್ಯಾಗ ಲ್ಯಾಬ್ರಡಾರ್ ಮರಿಗೆ ಮೂವತ್ತು ಸಾವಿರ ಅಂದ್ರು. ಹೋದ ವರ್ಷ ಇದರ ಅರ್ಧಾ ಇತ್ತು. ಅಷ್ಟರಾಗ ಖಾನಾಪುರದಾಗ ನಮ್ಮವ್ವನ ಗೆಳತಿ ಸುನಂದಾ ಮಾವಶಿಯ ನಾಯಿ ಮರಿ ಹಾಕೇತಿ ಅಂತ ಗೊತ್ತಾತು. ಫೋನ್ ಮಾಡಿದೆ. "ಪುಕ್ಕಟ ಕೊಡ್ತೀನವಾ, ಮೊದಲ ಮನಿ ನೋಡ್ತೀನಿ" ಅಂದ್ರು. ಹೆಣ್ಣು ಕೊಡೋ ಮುಂದ ನೋಡ್ತಾರಲ್ಲ, ಹಂಗ.

ಮುಂಜಾನಿ ಬಸ್ಸಿಗೆ ರಾಮತೀರ್ಥ ನಗರಕ್ಕ ಬಂದ್ರು. ಅವಲಕ್ಕಿ, ಚಹಾ ಆತು. ಬಾಲ್ಕನಿಗೆ ಹೋಗಿ ಕೆಳಗ ಬಗ್ಗಿ ನೋಡಿ ಬಂದು ಕೇಳಿದ್ರು, "ಹಗಲೆಲ್ಲಾ ಮನ್ಯಾಗ ಯಾರಿರ್ತೀರಿ?"

"ಯಾರೂ ಇರಂಗಿಲ್ಲ ಮಾವಶಿ, ಇಬ್ಬರೂ ಆಫೀಸಿಗೆ ಹೋಗ್ತೀವಿ" ಅಂದೆ.

"ಅಡ್ಡಾಡಸಾಕ ಯಾರ್ ಒಯ್ತೀರಿ?"

"ಮಗಳು ಒಯ್ತಾಳ್ರಿ" ಅಂದ್ರು ನಮ್ಮನಿಯವರು.

"ನಂಗ ಟ್ಯೂಷನ್ ಐತಿ" ಅಂತ ಒಳಗಿಂದ ಮಗಳ ದನಿ ಬಂತು.

ಮಾವಶಿ ಕಪ್ ಕೆಳಗಿಟ್ಟು, "ಊರಿಗೆ ಹೋಗಿ ತಿಳಸ್ತೀನಿ" ಅಂದ್ರು. ಈ ಮಾತಿನ ಅರ್ಥ ಹೆಣ್ಣು ಗಂಡು ನೋಡಾಕ ಹೋದವರಿಗೆಲ್ಲಾ ಗೊತ್ತೈತಿ.

ಅವರು ಹೋದಮ್ಯಾಲೆ ನಮ್ಮನಿಯವರಿಗೆ ಸಿಟ್ಟು. "ಅಂಗಡ್ಯಾಗ ರೊಕ್ಕ ಕೊಟ್ರ ಒಂದ ಮಾತು ಕೇಳಂಗಿಲ್ಲ."

ಖರೇ, ಕೇಳಂಗಿಲ್ಲ. ನನ್ನ ಈ ಮನಿಗೆ ಕೊಡೋ ಮುಂದ ನಮ್ಮಪ್ಪನೂ ಇಷ್ಟು ಕೇಳಿರಲಿಲ್ಲ.