ಮನಬಂದ ಎಚ್ಚರಿಕೆಗಳು

ಸಂಜೆ ನಾಲ್ಕು ಹತ್ತಕ್ಕೆ, ಕೀಳ್ ಕೋತಗಿರಿಯಲ್ಲಿ ಟೀ ಎಲೆ ಕೀಳುತ್ತಿದ್ದ ಅಮ್ಮನ ಫೋನಿಗೆ ಸುಳ್ಳು ಎಚ್ಚರಿಕೆ ಹೋಯಿತು: 'ಮೇಲಿನ ದಾರಿಯಲ್ಲಿ ಕಾಡುಕೋಣ, ಹೊಳೆಯತ್ತ ಇಳಿಯಿರಿ.'

ಪ್ರಾಣಿ, ಜಾಗ, ಸೂಚನೆಗಳನ್ನು ವಾಕ್ಯರಚನೆಯ ನಿಯಮದಂತೆ ಜೋಡಿಸಿ, ಪರೀಕ್ಷೆಗಾಗಿ ಮನಬಂದ ವಾಕ್ಯ ಕಟ್ಟುವ ಪ್ರೋಗ್ರಾಂ ಕಾಡುಪ್ರಾಣಿಗಳ ಎಚ್ಚರಿಕೆ ಕಳಿಸುವ ನಮ್ಮ ಆಫೀಸಿನಲ್ಲಿ ನಾನು ಅಣ್ಣ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿಯದು. ಅದು ನಿಧಾನವಾದರೆ ಅವರು ಬೆರಳ ನೆಟಿಗೆ ಮುರಿಯುತ್ತಿದ್ದರು. ಅಂದು "ಓಡ್ಲಿ ಬುಡು, ತಂಗಿ" ಎಂದು, ವಾಕ್ಯಗಳು ನಿಜವಾದ ಫೋನಿಗೆ ಹೋಗದಂತೆ ತಡೆಯುವ ತಪಾಸಣೆಯನ್ನೇ ತೆಗೆದಿದ್ದರು.

ಕಾಡುಕೋಣ ಹೊಳೆಯ ಬಳಿಯೇ ಇದೆಯೆಂದು ಅರಣ್ಯ ಇಲಾಖೆಯ ವಾಚರ್ ಆಗಲೇ ತಿಳಿಸಿದ್ದ. ಅಮ್ಮನಿಗೆ ಫೋನ್ ಮಾಡಿದೆ.

"ಯಾವ್ದ ನಂಬ್ಲಿ? ಮೆಸೇಜ್ ಬತ್ತಾನೇ ಇದೆ."

ಅಣ್ಣ ಬೈಕಿನಲ್ಲಿ ಹೋಗಿ, ಮೇಲೆ ಹತ್ತಿರೆಂದು ಕೂಗುತ್ತಾ ಟೀ ಸಾಲುಗಳ ನಡುವೆ ಇಳಿದರು. ಹೆಂಗಸರು ಮೇಲೆ ಹತ್ತಿದರು. ಕಾಡುಕೋಣ ಅಣ್ಣನನ್ನು ತಿವಿಯಿತು.

ಆಸ್ಪತ್ರೆಯಲ್ಲಿ ಅಣ್ಣ ದಿನವೂ ರಾತ್ರಿಯೆಲ್ಲ ಬೆಚ್ಚಿಬಿದ್ದು, "ಎಲ್ಲಾ ಮೇಲೆ ಬಂದ್ರಾ?" ಎಂದು ಕೇಳುತ್ತಿದ್ದರು. ಒಂದು ಭಾನುವಾರ ರಾತ್ರಿ ಅಮ್ಮ ಪಕ್ಕದಲ್ಲಿ ಕೂತು, "ಬಂದ್ವಿ ಮಗಾ, ಮಲ್ಕೊ" ಎಂದಳು. ಅಂದು ಅವರು ಬೆಳಗಿನವರೆಗೂ ಮಲಗಿದರು. ನಾನು ಅವರ ಉಸಿರಾಟ ನೋಡುತ್ತಾ ಕೂತಿದ್ದೆ.